ಓದುಗರ ಪ್ರಶ್ನೆ: ತರಬೇತಿ ವಿಮಾನದ ಮಿತಿಗಳು ಮತ್ತು ಅವುಗಳ ಹಿಂದಿನ ಲೆಕ್ಕ

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಪೈಲಟ್ ತರಬೇತಿಯಲ್ಲಿ ಇರುವವರದು, ಇಲ್ಲವೇ ಸೇರಲು ಹೊರಟಿರುವವರದು. ಬಹುತೇಕ ಎಲ್ಲರೂ ಕೇಳಿರುವುದು ಸೆಸ್ನಾ 172ರ ಬಗ್ಗೆ. ಹಾಗಾಗಿ ಬೇರೆ ಮಾದರಿಯ ಹೆಸರು ಹೇಳದ ಕಡೆಯೆಲ್ಲ ಅಂಕಿಗಳು 172ಎಸ್ ಮಾದರಿಯವು, ವೇಗಗಳು ಮೀಟರಿನಲ್ಲಿ ಕಾಣುವ ನಾಟ್‌ಗಳಲ್ಲಿವೆ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿ.ಮೀ.). 172ಆರ್, 172ಎನ್, 172ಪಿ ಎಲ್ಲ ಹೊರಗಿನಿಂದ ಒಂದೇ ಥರ ಕಂಡರೂ ಅಂಕಿಗಳು ಬೇರೆ. ನೀವು ಹತ್ತುವ ವಿಮಾನದೊಳಗೆ ಇಟ್ಟಿರುವ ಕೈಪಿಡಿಯ ಎರಡನೇ ಅಧ್ಯಾಯ ಹೇಳಿದ್ದೇ ಕೊನೆಯ ಮಾತು.

ಪ್ರಶ್ನೆ: ಏರ್‌ಸ್ಪೀಡ್ ಮೀಟರಿನಲ್ಲಿ ಹಳದಿ ಪಟ್ಟಿ 129ರಿಂದ 163ರವರೆಗೆ ಇದೆ. ಆ ವೇಗದಲ್ಲಿ ಹಾರಬಹುದೋ ಬಾರದೋ? ಒಬ್ಬ ಸೀನಿಯರ್ ಹಾರಬಹುದು ಅನ್ನುತ್ತಾರೆ, ಇನ್ನೊಬ್ಬರು ಮುಟ್ಟಲೇಬೇಡ ಅನ್ನುತ್ತಾರೆ.
— ವಿದ್ಯಾರ್ಥಿ, ಹುಬ್ಬಳ್ಳಿ

ಗಾಳಿ ಅಲುಗಾಡದೆ ನಿಂತಿದ್ದರೆ ಹಾರಬಹುದು. ಏರಿಳಿತ ಇದ್ದರೆ ಆ ವೇಗಕ್ಕೆ ಹೋಗಬಾರದು.

ಹಸಿರು ಪಟ್ಟಿ ಮುಗಿದು ಹಳದಿ ಶುರುವಾಗುವ 129 ನಾಟ್‌ಗೆ ವಿಎನ್‌ಓ, ಅಂದರೆ ಸಾಮಾನ್ಯ ಹಾರಾಟದ ಗರಿಷ್ಠ ವೇಗ, ಎನ್ನುತ್ತಾರೆ. ಇಂಥ ವಿಮಾನದ ವಿನ್ಯಾಸದ ನಿಯಮದಲ್ಲಿ ಎರಡು ಬಗೆಯ ಲಂಬ ಗಾಳಿಯ ಹೊಡೆತವನ್ನು ಲೆಕ್ಕಕ್ಕೆ ಹಿಡಿದಿರುತ್ತಾರೆ. ಕ್ರೂಸ್ ವೇಗದ ಮಿತಿಯಲ್ಲಿ ಸೆಕೆಂಡಿಗೆ 50 ಅಡಿಯ ಹೊಡೆತ, ಡೈವ್ ವೇಗದಲ್ಲಿ ಸೆಕೆಂಡಿಗೆ 25 ಅಡಿಯದು. ಅಂದರೆ ವೇಗ ಹಸಿರು ದಾಟಿ ಕೆಂಪಿನ ಕಡೆಗೆ ಹೋದಂತೆ ರೆಕ್ಕೆ ತಡೆಯಬಲ್ಲ ಹೊಡೆತ ಅರ್ಧದ ಕಡೆಗೆ ಇಳಿಯುತ್ತ ಹೋಗುತ್ತದೆ. ಏಪ್ರಿಲ್ ಮಧ್ಯಾಹ್ನ ಬಯಲುಸೀಮೆಯ ಹೊಲಗಳ ಮೇಲೆ ಏಳುವ ಬಿಸಿಗಾಳಿಯಲ್ಲಿ ಮೂಗು ತಗ್ಗಿಸಿ 140ರಲ್ಲಿ ಇಳಿಯುವುದು ಈ ಕಾರಣಕ್ಕೇ ತಪ್ಪು. ಬೆಳಗಿನ ಆರೂವರೆಗೆ ಅದೇ 140 ತಪ್ಪಾಗದು.

ಕೆಂಪು ಗೆರೆಯ 163 ವಿಎನ್‌ಇ, ಅಂದರೆ ಯಾವ ಸ್ಥಿತಿಯಲ್ಲೂ ದಾಟಬಾರದ ವೇಗ. ವಿನ್ಯಾಸದ ಡೈವ್ ವೇಗದ ನೂರಕ್ಕೆ 90 ಭಾಗಕ್ಕಿಂತ ಇದು ಹೆಚ್ಚಿರುವಂತಿಲ್ಲ. ಉಳಿದ ಹತ್ತು ಭಾಗ ಮೀಟರಿನ ದೋಷಕ್ಕೆ, ಅನಿರೀಕ್ಷಿತ ಗಾಳಿಗೆ, ಹಳೆಯದಾದ ಹಿಂಜ್‌ಗಳಿಗೆ ಬಿಟ್ಟ ಜಾಗ. ಅದು ಪೈಲಟ್ ಬಳಸಿಕೊಳ್ಳಲು ಇಟ್ಟದ್ದಲ್ಲ.

ಬಿಳಿ ಪಟ್ಟಿ ಇರುವುದು ಫ್ಲಾಪ್ (ನಿಧಾನವಾಗಿ ಹಾರಲು ರೆಕ್ಕೆಯ ಹಿಂಬದಿಯಿಂದ ಇಳಿಸುವ ಹಲಗೆ) ಇಳಿಸಿದಾಗಿನ ವೇಗಗಳಿಗೆ, ಅದರ ಮೇಲ್ತುದಿ 85. ಇಲ್ಲಿ ಎಷ್ಟೋ ಜನ ಎಡವುತ್ತಾರೆ. ಮೊದಲ 10 ಡಿಗ್ರಿ ಫ್ಲಾಪ್ ಅನ್ನು 110ರವರೆಗೂ ಇಳಿಸಬಹುದು, 85ರ ಮಿತಿ ಇರುವುದು 10 ದಾಟಿ 30ರವರೆಗಿನ ಫ್ಲಾಪ್‌ಗೆ. 110 ಎಂಬ ಅಂಕಿ ಬಿಳಿ ಪಟ್ಟಿಯಲ್ಲಿ ಕಾಣುವುದಿಲ್ಲ. ಫ್ಲಾಪ್ ಲಿವರ್ ಪಕ್ಕದಲ್ಲಿ ಬರೆದಿರುತ್ತದೆ, ಅಲ್ಲಿ ನೋಡಿ. ಇನ್ನೂ ಒಂದು ವಿಷಯ: ಫ್ಲಾಪ್ ಇಳಿಸಿದಾಗ ರಚನೆಯ ಮಿತಿ 3.8 ಜಿ ಇಂದ 3.0 ಜಿಗೆ ಇಳಿಯುತ್ತದೆ (1 ಜಿ ಎಂದರೆ ವಿಮಾನದ ತೂಕದಷ್ಟೇ ಹೊರೆ). ಫೈನಲ್‌ಗೆ, ಅಂದರೆ ರನ್‌ವೇಗೆ ನೇರವಾಗಿ ಇಳಿಯುವ ಕೊನೆಯ ಹಾದಿಗೆ, ತಿರುಗುವಾಗ ಗೆರೆ ದಾಟಿಹೋಯಿತೆಂದು ಕಡಿದಾಗಿ ಎಳೆಯುವವರು ಇದನ್ನು ನೆನಪಿಡಬೇಕು.

ಪ್ರಶ್ನೆ: ಮೆನೂವರಿಂಗ್ ಸ್ಪೀಡ್, ಅಂದರೆ ವಿಎ, 2550 ಪೌಂಡ್‌ಗೆ 105, 2200ಕ್ಕೆ 98, 1900ಕ್ಕೆ 90 ಎಂದಿದೆ. ವಿಮಾನ ಹಗುರವಾದರೆ ರೆಕ್ಕೆಗೆ ಹೊರೆ ಕಡಿಮೆ ತಾನೆ? ಹಾಗಿದ್ದರೆ ವೇಗ ಹೆಚ್ಚಬೇಕಿತ್ತು, ಕಡಿಮೆ ಯಾಕಾಯಿತು?
— ವಿದ್ಯಾರ್ಥಿನಿ, ಮೈಸೂರು

ಮೌಖಿಕ ಪರೀಕ್ಷೆಯಲ್ಲಿ ತಪ್ಪದೆ ಬರುವ ಪ್ರಶ್ನೆ ಇದು. ಉತ್ತರವನ್ನು ಬಾಯಿಪಾಠ ಮಾಡುವ ಬದಲು ಒಮ್ಮೆ ಲೆಕ್ಕ ಹಾಕಿ ನೋಡಿ.

2550 ಪೌಂಡ್‌ನಲ್ಲಿ ಫ್ಲಾಪ್ ಇಲ್ಲದ ಸ್ಟಾಲ್ ವೇಗ (ಅದಕ್ಕಿಂತ ನಿಧಾನವಾದರೆ ರೆಕ್ಕೆಗೆ ವಿಮಾನವನ್ನು ಎತ್ತಿ ಹಿಡಿಯಲಾಗದು), ಮೀಟರಿನ ದೋಷ ತಿದ್ದಿದ ಮೇಲೆ, 53 ನಾಟ್. 3.8ರ ವರ್ಗಮೂಲ 1.95. ಎರಡನ್ನೂ ಗುಣಿಸಿದರೆ 103. ಮೀಟರಿನ ದೋಷ ಮತ್ತೆ ಸೇರಿಸಿದರೆ ಕೈಪಿಡಿಯ 105ರ ಹತ್ತಿರಕ್ಕೇ ಬರುತ್ತದೆ. ಅರ್ಥ ಇಷ್ಟು: ಆ ವೇಗದಲ್ಲಿ ಯೋಕನ್ನು (ಮೂಗು ಏರಿಳಿಸುವ ಹಿಡಿಕೆ) ಪೂರ್ತಿ ಎಳೆದರೆ ಹೊರೆ 3.8 ಜಿ ಮುಟ್ಟುವ ಹೊತ್ತಿಗೆ ರೆಕ್ಕೆ ಸ್ಟಾಲ್ ಆಗಿ ಹೊರೆಯನ್ನು ಬಿಟ್ಟುಬಿಡುತ್ತದೆ.

ಈಗ 1900 ಪೌಂಡ್‌ನ ವಿಮಾನವನ್ನು ಅದೇ 105ರಲ್ಲಿ ಎಳೆಯಿರಿ. ರೆಕ್ಕೆ ಎತ್ತಬಲ್ಲ ಗರಿಷ್ಠ ಬಲ ವೇಗಕ್ಕೆ ಸಂಬಂಧಿಸಿದ್ದು, ತೂಕಕ್ಕಲ್ಲ. ಹಾಗಾಗಿ ಅದು ಮೊದಲಿನಷ್ಟೇ: 2550 ಗುಣಿಸು 3.8, ಅಂದರೆ ಸುಮಾರು 9700 ಪೌಂಡ್. ಅದನ್ನು 1900ರಿಂದ ಭಾಗಿಸಿದರೆ 5.1 ಜಿ. ರೆಕ್ಕೆಯ ಮೇಲಿನ ಒಟ್ಟು ಬಲ ಮೊದಲಿನಷ್ಟೇ ಆದರೂ ಎಂಜಿನ್, ಅದರ ಮೌಂಟ್, ಬ್ಯಾಟರಿ ಪೆಟ್ಟಿಗೆ, ಸೀಟಿನ ಹಳಿ ಇವುಗಳ ತೂಕ ಒಂದು ಪೌಂಡೂ ಇಳಿದಿಲ್ಲ. ಅವೆಲ್ಲ 3.8ಕ್ಕೆ ಕಟ್ಟಿದ ಭಾಗಗಳು, ಈಗ 5.1 ಜಿ ತಡೆಯಬೇಕು. ಹಗುರವಾದ ವಿಮಾನ ಸ್ಟಾಲ್ ಆಗುವ ಮೊದಲೇ ಮಿತಿ ದಾಟುತ್ತದೆ ಎನ್ನುವುದು ಇದಕ್ಕೇ.

ನಡುವಿನ ತೂಕಗಳಿಗೆ ಸೂತ್ರ ಸುಲಭ. ಈಗಿನ ತೂಕವನ್ನು ಗರಿಷ್ಠ ತೂಕದಿಂದ ಭಾಗಿಸಿ, ವರ್ಗಮೂಲ ತೆಗೆದು, 105ರಿಂದ ಗುಣಿಸಿ. 2200ಕ್ಕೆ ಹಾಕಿ ನೋಡಿ, 97.5 ಬರುತ್ತದೆ.

ವಿಎ ಕೆಳಗೆ ಇದ್ದರೆ ಏನು ಮಾಡಿದರೂ ವಿಮಾನ ಮುರಿಯದು ಎಂಬ ನಂಬಿಕೆಯನ್ನು ಮಾತ್ರ ಬಿಡಬೇಕು. ಆ ರಕ್ಷಣೆ ಇರುವುದು ಒಂದೇ ನಿಯಂತ್ರಣವನ್ನು, ಒಂದೇ ದಿಕ್ಕಿಗೆ, ಒಂದೇ ಸಲ ಪೂರ್ತಿ ಒತ್ತಿದಾಗ. 2001ರ ನವೆಂಬರ್ 12ರಂದು ನ್ಯೂಯಾರ್ಕ್‌ನಲ್ಲಿ ಬಿದ್ದ ಅಮೆರಿಕನ್ ಏರ್‌ಲೈನ್ಸ್ 587 ವಿಮಾನದಲ್ಲಿ ರಡ್ಡರನ್ನು (ಮೂಗನ್ನು ಎಡಬಲಕ್ಕೆ ತಿರುಗಿಸುವ ಬಾಲದ ಹಲಗೆ) ಬೆನ್ನುಬೆನ್ನಿಗೆ ಎಡಕ್ಕೂ ಬಲಕ್ಕೂ ಒತ್ತಿದ್ದರಿಂದ ಬಾಲದ ಲಂಬ ರೆಕ್ಕೆಯೇ ಕಳಚಿಹೋಯಿತು, ವೇಗ ವಿಎ ಒಳಗೇ ಇತ್ತು. ಅದು ದೊಡ್ಡ ಏರ್‌ಬಸ್ ನಿಜ. ಆದರೂ ಎಳೆತ, ಹೊರಳು, ರಡ್ಡರ್ ಮೂರನ್ನೂ ಒಟ್ಟಿಗೆ ತುದಿಗೆ ಒಯ್ಯಬಾರದು ಎಂಬ ಪಾಠ 172ಕ್ಕೂ ಸಲ್ಲುತ್ತದೆ.

ಪ್ರಶ್ನೆ: ನಾಲ್ಕು ಸೀಟು, ಎರಡು ಟ್ಯಾಂಕು, ಹಿಂದೆ ಸಾಮಾನಿಗೆ ಜಾಗ. ಎಲ್ಲವನ್ನೂ ತುಂಬಿಸಿ ಹಾರಬಹುದೇ? ಸಿ.ಜಿ. (ಗುರುತ್ವ ಕೇಂದ್ರ) ಲೆಕ್ಕವನ್ನು ಒಂದು ಉದಾಹರಣೆಯೊಂದಿಗೆ ತೋರಿಸಿ.
— ಓದುಗರು, ದಾವಣಗೆರೆ

ಎಲ್ಲವನ್ನೂ ತುಂಬಿಸಿದರೆ ಮಿತಿಯೊಳಗೆ ಬರುವುದಿಲ್ಲ. ಟೇಕಾಫ್‌ಗೆ ಗರಿಷ್ಠ ತೂಕ 2550 ಪೌಂಡ್, ಅಂದರೆ 1157 ಕೆ.ಜಿ. ನೆಲದ ಮೇಲೆ ಓಡಾಡಲು ಇನ್ನು 8 ಪೌಂಡ್ ಹೆಚ್ಚು, ಅಂದರೆ 2558. ಆ 8 ಪೌಂಡ್ ಸ್ಟಾರ್ಟ್ ಮತ್ತು ಟ್ಯಾಕ್ಸಿಯಲ್ಲಿ ಉರಿದುಹೋಗುವ ಇಂಧನ.

ಖಾಲಿ ತೂಕ 1680 ಪೌಂಡ್, ಅದರ ಆರ್ಮ್ (ಅಳತೆಯ ಆಧಾರ ಗೆರೆಯಿಂದ ಹಿಂದಕ್ಕಿರುವ ದೂರ) 39.0 ಇಂಚು ಎಂದು ಹಿಡಿಯೋಣ. ನಿಮ್ಮ ವಿಮಾನದ್ದು ಅದರ ತೂಕದ ಪತ್ರದಲ್ಲಿ ಇರುತ್ತದೆ. ರೇಡಿಯೊ ಬದಲಾಯಿಸಿದರೂ ಅದು ಬದಲಾಗುತ್ತದೆ, ಹಾಗಾಗಿ ಹಳೆಯ ಹಾಳೆ ನೋಡಬೇಡಿ. ಮುಂದಿನ ಸೀಟುಗಳ ಆರ್ಮ್ 37, ಹಿಂದಿನದು 73, ಇಂಧನ 48, ಸಾಮಾನಿನ ‘ಎ’ ಜಾಗ 95, ‘ಬಿ’ ಜಾಗ 123.

ಮುಂದೆ 75 ಮತ್ತು 85 ಕೆ.ಜಿ.ಯ ಇಬ್ಬರು: 352 ಪೌಂಡ್. ಹಿಂದೆ 70 ಕೆ.ಜಿ.ಯ ಒಬ್ಬರು: 154. ‘ಎ’ ಜಾಗದಲ್ಲಿ 10 ಕೆ.ಜಿ. ಚೀಲ: 22. ಬಳಸಬಹುದಾದ ಇಂಧನ 53 ಗ್ಯಾಲನ್, ಗ್ಯಾಲನ್‌ಗೆ 6 ಪೌಂಡ್‌ನಂತೆ 318. ಒಟ್ಟು 2526. ಒಂದೊಂದನ್ನೂ ಅದರ ಆರ್ಮ್‌ನಿಂದ ಗುಣಿಸಿ: 65,520, 13,024, 11,242, 2,090, 15,264. ಕೂಡಿದರೆ 1,07,140. ಇದನ್ನು 2526ರಿಂದ ಭಾಗಿಸಿದರೆ ಸಿ.ಜಿ. 42.4 ಇಂಚು.

ಹಿಂದಿನ ಮಿತಿ ಎಲ್ಲ ತೂಕಕ್ಕೂ 47.3. ಮುಂದಿನ ಮಿತಿ 1950 ಪೌಂಡ್‌ವರೆಗೆ 35.0, ಅಲ್ಲಿಂದ ನೇರ ಗೆರೆಯಲ್ಲಿ ಏರಿ 2550ಕ್ಕೆ 41.0. ನಮ್ಮ ತೂಕಕ್ಕೆ ಅದು ಸುಮಾರು 40.8. ಸಿ.ಜಿ. ಎರಡರ ನಡುವೆ ಇದೆ, ತೂಕವೂ ಸರಿ.

ಇನ್ನು 80 ಕೆ.ಜಿ.ಯ ನಾಲ್ಕನೆಯವರು ಹತ್ತಿದರೆ 176 ಪೌಂಡ್ ಸೇರಿ 2702. ಟ್ಯಾಕ್ಸಿಯ 8 ಕಳೆದರೂ 144 ಹೆಚ್ಚು. ಅಂದರೆ 24 ಗ್ಯಾಲನ್ ಕಡಿಮೆ ತುಂಬಿಸಬೇಕು, ಉಳಿಯುವುದು 29. ಕ್ರೂಸ್‌ನಲ್ಲಿ ಗಂಟೆಗೆ ಸುಮಾರು 10 ಗ್ಯಾಲನ್ ಹಿಡಿದರೆ ಮೀಸಲು ಸೇರಿ ಮೂರು ಗಂಟೆಗಿಂತ ಕಡಿಮೆ. ಟ್ಯಾಂಕಿನ ಬಾಯಿಯೊಳಗಿನ ಗುರುತಿನ ಪಟ್ಟಿಯ ಕೆಳ ಅಂಚಿಗೆ ಇಂಧನ ಮುಟ್ಟಿದರೆ ಒಂದೊಂದು ಟ್ಯಾಂಕಿನಲ್ಲಿ 17.5 ಗ್ಯಾಲನ್, ಒಟ್ಟು 35. 29 ಅದಕ್ಕಿಂತಲೂ ಕೆಳಗೆ. ಕಣ್ಣಂದಾಜು ಸಾಲದು, ಆ ವಿಮಾನಕ್ಕೆಂದೇ ಗುರುತು ಹಾಕಿದ ಡಿಪ್‌ಸ್ಟಿಕ್ ಬೇಕು. ಈ ಲೆಕ್ಕ ಇಂಧನದ ಗಾಡಿ ಬರುವ ಮೊದಲೇ ಮುಗಿದಿರಬೇಕು. ತುಂಬಿಸುವುದು ಐದು ನಿಮಿಷದ ಕೆಲಸ, ಹೊರಗೆ ತೆಗೆಯುವುದು ಹಾಗಲ್ಲ.

ಸಾಮಾನಿಗೂ ಮಿತಿ ಇದೆ: ‘ಎ’ಗೆ 120 ಪೌಂಡ್, ‘ಬಿ’ಗೆ 50, ಎರಡೂ ಸೇರಿ 120. 170 ಎಂದು ಕೂಡಿಕೊಳ್ಳುವುದು ಸಾಮಾನ್ಯವಾಗಿ ಕಾಣುವ ತಪ್ಪು.

ಸಿ.ಜಿ. ಮುಂದೆ ಸರಿದರೆ ಇಳಿಯುವಾಗ ಮೂಗು ಎತ್ತಲು ಎಲಿವೇಟರ್ ಸಾಲದೆ ಮೂಗಿನ ಚಕ್ರ ಮೊದಲು ನೆಲಕ್ಕೆ ಬಡಿಯುತ್ತದೆ. ಹಿಂದೆ ಸರಿದರೆ ಯೋಕ್ ಹಗುರವಾಗಿ ಹಿತವೆನ್ನಿಸುತ್ತದೆ, ಆದರೆ ಸ್ಟಾಲ್‌ನಿಂದ ಮೂಗು ತಾನಾಗಿ ಬೀಳುವ ಸ್ವಭಾವ ಕುಗ್ಗುತ್ತದೆ. ಎರಡರಲ್ಲಿ ಹಿಂದಿನದೇ ಹೆಚ್ಚು ಅಪಾಯ, ಯಾಕೆಂದರೆ ಅದು ಮುಂಚೆ ಗೊತ್ತಾಗುವುದಿಲ್ಲ.

ಪ್ರಶ್ನೆ: ಸ್ಪಿನ್ (ಸ್ಟಾಲ್ ಆಗಿ ಸುತ್ತುತ್ತ ಕೆಳಗಿಳಿಯುವುದು) ಅಭ್ಯಾಸಕ್ಕೆ ಇಬ್ಬರೇ ಹೋಗುವುದು. ಆಗ ತೂಕದ ಲೆಕ್ಕ ಬೇಕೇ?
— ವಿದ್ಯಾರ್ಥಿ, ಬೆಂಗಳೂರು

ಆಗಲೇ ಹೆಚ್ಚು ಬೇಕು. 172ಎಸ್‌ನಲ್ಲಿ ಸ್ಪಿನ್‌ಗೆ ಅನುಮತಿ ಇರುವುದು ಯುಟಿಲಿಟಿ ವರ್ಗದಲ್ಲಿ ಮಾತ್ರ. ಅದರ ಷರತ್ತುಗಳು: ತೂಕ 2200 ಪೌಂಡ್ ಒಳಗೆ, ಸಿ.ಜಿ. ಹಿಂದಿನ ಮಿತಿ 47.3 ಬದಲು 40.5, ಹಿಂದಿನ ಸೀಟಿನಲ್ಲೂ ಸಾಮಾನಿನ ಜಾಗದಲ್ಲೂ ಏನೂ ಇರಕೂಡದು, ಫ್ಲಾಪ್ ಮೇಲೆ. ಈ ಷರತ್ತುಗಳಲ್ಲಿ ಹೊರೆಯ ಮಿತಿ 4.4 ಜಿ.

ಮೇಲಿನ ಅದೇ ಇಬ್ಬರನ್ನು ತೆಗೆದುಕೊಳ್ಳಿ. 1680 ಮತ್ತು 352 ಸೇರಿ 2032. ಟ್ಯಾಂಕ್ ತುಂಬಿದ್ದರೆ 2350, ಮಿತಿಗಿಂತ 150 ಪೌಂಡ್ ಹೆಚ್ಚು. ಇಬ್ಬರೇ ಇದ್ದೇವೆ ಎಂದು ತುಂಬಿದ ಟ್ಯಾಂಕಿನಲ್ಲಿ ಸ್ಪಿನ್‌ಗೆ ಹೊರಟರೆ ಆಗಲೇ ಮಿತಿಯ ಹೊರಗಿದ್ದೀರಿ. ಇಂಧನಕ್ಕೆ ಉಳಿಯುವುದು 168 ಪೌಂಡ್, ಅಂದರೆ 28 ಗ್ಯಾಲನ್. ಆಗ ಸಿ.ಜಿ. 39.4, ಮಿತಿ 37.5ರಿಂದ 40.5. ನಡುವೆ ಇರುವುದು ಮೂರೇ ಇಂಚು. ಹಿಂದಿನ ಸೀಟಿನ ಮೇಲೆ ಮರೆತುಬಿಟ್ಟ ಚೀಲಕ್ಕೂ, ಟೋ ಬಾರ್‌ಗೂ ಇಲ್ಲಿ ಲೆಕ್ಕವಿದೆ. ಸಾಲದ್ದಕ್ಕೆ ಸುತ್ತುವಾಗ ಅವು ಹಾರಿ ಬಂದು ಬಡಿಯುತ್ತವೆ.

ಸಿ.ಜಿ. ಹಿಂದಿದ್ದರೆ ಸ್ಪಿನ್ ಚಪ್ಪಟೆಯಾಗುತ್ತದೆ, ಮೂಗು ಕೆಳಗಿಳಿಯದೆ ಸುತ್ತು ಮುಂದುವರಿಯುತ್ತದೆ. ಹೊರಬರುವ ಕ್ರಮ ಹೀಗೆ: ಥ್ರಾಟಲ್ ಐಡಲ್‌ಗೆ, ಏಲೆರಾನ್ (ವಿಮಾನ ಹೊರಳಿಸುವ ರೆಕ್ಕೆಯ ಹಲಗೆ) ನಡುವಿಗೆ, ಸುತ್ತುವ ದಿಕ್ಕಿಗೆ ವಿರುದ್ಧ ಪೂರ್ತಿ ರಡ್ಡರ್. ರಡ್ಡರ್ ತುದಿ ಮುಟ್ಟಿದ ಮೇಲೆ ಯೋಕನ್ನು ಚುರುಕಾಗಿ ಮುಂದಕ್ಕೆ ಒತ್ತಬೇಕು. ಸುತ್ತು ನಿಲ್ಲುವ ತನಕ ಹಾಗೇ ಹಿಡಿದು, ನಿಂತ ಮೇಲೆ ರಡ್ಡರ್ ನಡುವಿಗೆ ತಂದು, ಮೆಲ್ಲಗೆ ಎಳೆದು ಡೈವ್‌ನಿಂದ ಹೊರಬರಬೇಕು. ಈ ಕ್ರಮ ಹಿಂದುಮುಂದಾಗಬಾರದು. ಒಂದು ಸುತ್ತಿಗೆ ಕನಿಷ್ಠ 1000 ಅಡಿ ಇಳಿತ ಹಿಡಿಯಿರಿ. ಎಲ್ಲ ಮುಗಿದಾಗ ನೆಲದಿಂದ 4000 ಅಡಿ ಮೇಲಿರಬೇಕೆಂದು ಕೈಪಿಡಿ ಹೇಳುತ್ತದೆ.

ಪ್ರಶ್ನೆ: ಜಕ್ಕೂರಿನಲ್ಲಿ ಬೇಸಿಗೆಯ ಮಧ್ಯಾಹ್ನ ವಿಮಾನ ರನ್‌ವೇ ಬಿಟ್ಟು ಏಳಲು ತುಂಬ ದೂರ ಓಡುತ್ತದೆ. ಎಂಜಿನ್‌ನಲ್ಲಿ ದೋಷವಿರಬಹುದೇ?
— ವಿದ್ಯಾರ್ಥಿ, ಯಲಹಂಕ

ರನ್‌ಅಪ್‌ನಲ್ಲಿ, ಅಂದರೆ ಹೊರಡುವ ಮುನ್ನ ಮಾಡುವ ಎಂಜಿನ್ ಪರೀಕ್ಷೆಯಲ್ಲಿ, ಎಲ್ಲ ಸರಿ ಇದ್ದರೆ ಎಂಜಿನ್ ಮೇಲೆ ಅನುಮಾನ ಬೇಡ. ಕಾರಣ ತೆಳುವಾದ ಗಾಳಿ.

ಜಕ್ಕೂರು ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರ. ಪ್ರಮಾಣಿತ ವಾತಾವರಣದಲ್ಲಿ ಆ ಎತ್ತರದ ಉಷ್ಣತೆ 9 ಡಿಗ್ರಿ ಸೆಲ್ಸಿಯಸ್. ಏಪ್ರಿಲ್‌ನಲ್ಲಿ 34 ಇದ್ದರೆ 25 ಡಿಗ್ರಿ ಹೆಚ್ಚು. ಒಂದು ಡಿಗ್ರಿಗೆ 120 ಅಡಿಯಂತೆ 3000 ಅಡಿ ಸೇರಿಸಿ: ಡೆನ್ಸಿಟಿ ಆಲ್ಟಿಟ್ಯೂಡ್ 6000 ಅಡಿ. ಚಕ್ರ ನೆಲದ ಮೇಲೆ ಇದ್ದರೂ ಎಂಜಿನ್, ಪ್ರೊಪೆಲ್ಲರ್, ರೆಕ್ಕೆ ಮೂರಕ್ಕೂ ಸಿಗುವುದು 6000 ಅಡಿ ಎತ್ತರದ ಗಾಳಿ.

ಅಲ್ಲಿ 180 ಅಶ್ವಶಕ್ತಿಯ ಎಂಜಿನ್ ಸುಮಾರು ಐದನೇ ಒಂದು ಭಾಗ ಕಳೆದುಕೊಂಡಿರುತ್ತದೆ. ಮೀಟರಿನಲ್ಲಿ 55 ಕಂಡಾಗ ನಿಜವಾದ ವೇಗ 60, ಆ ಹೆಚ್ಚಿನ ವೇಗ ಗಳಿಸಲೂ ದೂರ ಬೇಕು. ಪೂರ್ತಿ ತೂಕದಲ್ಲಿ ಸಮುದ್ರಮಟ್ಟದ ಪ್ರಮಾಣಿತ ದಿನ ನೆಲದ ಓಟ 960 ಅಡಿ, 50 ಅಡಿ ಎತ್ತರದ ಅಡ್ಡಿ ದಾಟಲು 1630. ಜಕ್ಕೂರಿನ ಆ ಮಧ್ಯಾಹ್ನ ಎರಡೂ ಸುಮಾರು ಒಂದೂವರೆ ಪಟ್ಟು. ಏರುವ ದರ ನಿಮಿಷಕ್ಕೆ 730 ಅಡಿ ಇದ್ದದ್ದು ಸುಮಾರು 500ಕ್ಕೆ ಬರುತ್ತದೆ. ಇವು ಹೊಸ ವಿಮಾನದಲ್ಲಿ, ನುರಿತ ಕೈಯಲ್ಲಿ, ಒಣಗಿದ ಸಮತಟ್ಟು ಟಾರು ರನ್‌ವೇಯಲ್ಲಿ ಬಂದ ಅಂಕಿಗಳು. ಒಣ ಹುಲ್ಲಾದರೆ ನೆಲದ ಓಟದ ನೂರಕ್ಕೆ 15 ಸೇರಿಸಿ. ಎದುರುಗಾಳಿ 9 ನಾಟ್ ಇದ್ದರೆ ನೂರಕ್ಕೆ 10 ಕಳೆಯಿರಿ. ಹಿಂಗಾಳಿಯಾದರೆ ಪ್ರತಿ 2 ನಾಟ್‌ಗೂ ನೂರಕ್ಕೆ 10 ಸೇರಿಸಿ. ಎದುರುಗಾಳಿ ಕೊಡುವುದು ಕಡಿಮೆ, ಹಿಂಗಾಳಿ ಕಸಿಯುವುದು ಹೆಚ್ಚು, ಗಮನಿಸಿ.

ಇಲ್ಲಿ ಆಗುವ ತಪ್ಪುಗಳು ಮೂರು. ನೆಲ ವೇಗವಾಗಿ ಓಡುವುದನ್ನು ಕಂಡು ಮೀಟರ್ ನೋಡದೆ ಮೂಗು ಎತ್ತುವುದು ಮೊದಲನೆಯದು. ಆಗ ವಿಮಾನ ನೆಲಕ್ಕೆ ಹತ್ತಿರದ ಗಾಳಿಯ ಒತ್ತಾಸೆಯಲ್ಲಿ ಏಳುತ್ತದೆ, ಅದರ ಮೇಲೆ ಹತ್ತಲಾರದೆ ತೆವಳುತ್ತದೆ. ಮಿಕ್ಸ್ಚರ್ (ಗಾಳಿಗೆ ಬೆರೆಯುವ ಇಂಧನದ ಪ್ರಮಾಣ) ಪೂರ್ತಿ ರಿಚ್‌ನಲ್ಲೇ, ಅಂದರೆ ಇಂಧನ ಹೆಚ್ಚಿರುವಲ್ಲೇ, ಬಿಡುವುದು ಎರಡನೆಯದು. 3000 ಅಡಿಗಿಂತ ಎತ್ತರದ ನೆಲದಿಂದ ಹೊರಡುವಾಗ ನಿಂತಲ್ಲೇ ಪೂರ್ತಿ ಥ್ರಾಟಲ್ ಕೊಟ್ಟು, ಆರ್‌ಪಿಎಂ ಅತಿ ಹೆಚ್ಚು ಬರುವಲ್ಲಿಗೆ ಲೀನ್ ಮಾಡಬೇಕೆಂದು (ಇಂಧನ ಕಡಿಮೆ ಮಾಡಬೇಕೆಂದು) ಕೈಪಿಡಿ ಹೇಳುತ್ತದೆ. ಜಕ್ಕೂರು ಆ ಗಡಿಯ ಮೇಲೇ ಇರುವುದರಿಂದ ನಿಮ್ಮ ಶಾಲೆಯ ಪದ್ಧತಿ ಏನೆಂದು ಇನ್‌ಸ್ಟ್ರಕ್ಟರ್ ಬಳಿ ಕೇಳಿ. ಮೂರನೆಯದು ಗೋ-ಅರೌಂಡ್, ಅಂದರೆ ಇಳಿಯದೆ ಮತ್ತೆ ಏರುವಾಗಿನದು: 30 ಡಿಗ್ರಿ ಫ್ಲಾಪ್ ಇಟ್ಟುಕೊಂಡು ಏರಲು ಹೋಗುವುದು. ಪೂರ್ತಿ ಪವರ್ ಕೊಟ್ಟ ಕೂಡಲೇ ಫ್ಲಾಪ್ 20ಕ್ಕೆ ಬರಬೇಕು. ಈ ಗಾಳಿಯಲ್ಲಿ ಅದು ಮರೆತರೆ ವಿಮಾನ ಏರುವುದು ತೀರ ಕಡಿಮೆ.

ಇಳಿಯುವಾಗ ಮೀಟರಿನ ವೇಗ ಬದಲಿಸಬೇಡಿ. 65 ಎಂದರೆ 65. ನಿಜವಾದ ವೇಗ 71 ಆಗಿರುವುದರಿಂದ ನೆಲದ ಓಟ ಉದ್ದವಾಗುತ್ತದೆ, ಅಷ್ಟೆ.

ಪ್ರಶ್ನೆ: ಅಡ್ಡಗಾಳಿಯ ಮಿತಿ 15 ನಾಟ್. ಗಾಳಿ 18 ಇದ್ದರೆ ಹಾರುವಂತಿಲ್ಲವೇ?
— ವಿದ್ಯಾರ್ಥಿನಿ, ಕಲಬುರಗಿ

ಇಲ್ಲಿ ಎರಡು ಗೊಂದಲ ಸೇರಿಕೊಂಡಿವೆ. 15 ಎಂಬುದು ಕೈಪಿಡಿಯ ಮಿತಿ ಅಧ್ಯಾಯದಲ್ಲಿ ಇಲ್ಲ. ಪರೀಕ್ಷಾ ಹಾರಾಟದಲ್ಲಿ ಅಷ್ಟು ಅಡ್ಡಗಾಳಿಯಲ್ಲಿ ಇಳಿಸಿ ತೋರಿಸಿದ್ದಾರೆ ಎಂದಷ್ಟೇ ಅದರ ಅರ್ಥ. ನಿಮಗೆ ಅನ್ವಯಿಸುವುದು ನಿಮ್ಮ ಶಾಲೆ ಸೋಲೊ ಹಾರಾಟಕ್ಕೆ ಇಟ್ಟಿರುವ ಮಿತಿ. ಅದು 15ಕ್ಕಿಂತ ಸಾಕಷ್ಟು ಕಡಿಮೆಯೇ ಇರುತ್ತದೆ, ಹಾಗಿರುವುದೇ ಸರಿ.

ಇನ್ನೊಂದು, ಲೆಕ್ಕಕ್ಕೆ ಬರುವುದು ಗಾಳಿಯ ಅಡ್ಡ ಭಾಗ ಮಾತ್ರ. ರನ್‌ವೇ 26 (ದಿಕ್ಕು 260 ಡಿಗ್ರಿ), ಗಾಳಿ 220 ಡಿಗ್ರಿಯಿಂದ 18 ನಾಟ್ ಎಂದರೆ ಕೋನ 40. ಅದರ ಸೈನ್ 0.64, ಅಡ್ಡ ಭಾಗ 11.6 ನಾಟ್. ಮನಸ್ಸಿನಲ್ಲೇ ಹಾಕಲು: 30 ಡಿಗ್ರಿಗೆ ಅರ್ಧ, 45ಕ್ಕೆ ನೂರಕ್ಕೆ 70, 60ಕ್ಕೆ ನೂರಕ್ಕೆ 90. ‘ಗಸ್ಟ್ 26’, ಅಂದರೆ ನಡುನಡುವೆ 26ರ ಬೀಸು, ಎಂದು ಟವರ್ ಹೇಳಿದರೆ ಲೆಕ್ಕ 26ಕ್ಕೇ ಹಾಕಿ.

ಪ್ರಶ್ನೆ: ಸೆಸ್ನಾ 152ರಲ್ಲಿ ಭಾರಿ ಮೈಕಟ್ಟಿನ ಇಬ್ಬರು ಹಾರಲಾಗದು ಎಂಬುದು ನಿಜವೇ?
— ಓದುಗರು, ಶಿವಮೊಗ್ಗ

ಹಾರಬಹುದು, ಇಂಧನ ಬಿಟ್ಟುಕೊಡಬೇಕು. 152ರ ಗರಿಷ್ಠ ತೂಕ 1670 ಪೌಂಡ್, ಅಂದರೆ 757 ಕೆ.ಜಿ. ಖಾಲಿ ತೂಕ 1130 ಎಂದು ಹಿಡಿದರೆ ಉಳಿದದ್ದು 540. ತಲಾ 95 ಕೆ.ಜಿ.ಯ ಇಬ್ಬರು 418. ಇಂಧನಕ್ಕೆ 122 ಪೌಂಡ್, 20 ಗ್ಯಾಲನ್. ಬಳಸಬಹುದಾದ ಪೂರ್ತಿ ಇಂಧನ 24.5 ಗ್ಯಾಲನ್. ತೂಕವನ್ನು ತಕ್ಕಡಿಯಲ್ಲಿ ನೋಡಿ ಹೇಳಿ, ಶೂ ಮತ್ತು ಹೆಡ್‌ಸೆಟ್ ಚೀಲ ಸೇರಿಸಿ.

ಪ್ರಶ್ನೆ: ಸ್ಟಾರ್ಟರ್, ಆಯಿಲ್, ಮ್ಯಾಗ್ನೆಟೊ ಇವುಗಳ ಅಂಕಿಗಳನ್ನು ಒಂದೆಡೆ ಕೊಡುತ್ತೀರಾ?
— ವಿದ್ಯಾರ್ಥಿ, ಬೆಳಗಾವಿ

ಸ್ಟಾರ್ಟರ್ 10 ಸೆಕೆಂಡ್ ತಿರುಗಿಸಿ, 20 ಸೆಕೆಂಡ್ ಬಿಡಿ. ಹೀಗೆ ಮೂರು ಸಲ. ಆಗಲೂ ಹತ್ತದಿದ್ದರೆ 10 ನಿಮಿಷ ತಣ್ಣಗಾಗಲು ಬಿಡಬೇಕು, ಇಲ್ಲವಾದರೆ ಸ್ಟಾರ್ಟರ್ ಸುಟ್ಟುಹೋಗುತ್ತದೆ.

ಆಯಿಲ್ ಸಂಪಿನಲ್ಲಿ 8 ಕ್ವಾರ್ಟ್ ಹಿಡಿಯುತ್ತದೆ, 5ಕ್ಕಿಂತ ಕಡಿಮೆಯಲ್ಲಿ ಹಾರುವಂತಿಲ್ಲ. ಒಂದು ಕ್ವಾರ್ಟ್ ಲೀಟರಿಗಿಂತ ಸ್ವಲ್ಪ ಕಡಿಮೆ. ಸ್ಟಾರ್ಟ್ ಆದ 30 ಸೆಕೆಂಡಿನಲ್ಲಿ ಒತ್ತಡ ಏಳದಿದ್ದರೆ ನಿಲ್ಲಿಸಿ. ಒತ್ತಡದ ಹಸಿರು 50ರಿಂದ 90 ಪಿಎಸ್‌ಐ, ಕನಿಷ್ಠ 20, ಗರಿಷ್ಠ 115. ಆಯಿಲ್ ಉಷ್ಣತೆ 245 ಡಿಗ್ರಿ ಫ್ಯಾರನ್‌ಹೀಟ್ ದಾಟಬಾರದು.

ಮ್ಯಾಗ್ನೆಟೊ (ಪ್ಲಗ್‌ಗಳಿಗೆ ಕಿಡಿ ಕೊಡುವ ಎರಡು ಸಾಧನಗಳು) ಪರೀಕ್ಷೆ 1800 ಆರ್‌ಪಿಎಂನಲ್ಲಿ. ಒಂದೊಂದನ್ನೂ ಆಫ್ ಮಾಡಿದಾಗಿನ ಆರ್‌ಪಿಎಂ ಇಳಿತ 150 ಮೀರಬಾರದು, ಎರಡರ ನಡುವಿನ ವ್ಯತ್ಯಾಸ 50 ಮೀರಬಾರದು. ಇಳಿತ ಹೆಚ್ಚಿದ್ದು ಎಂಜಿನ್ ಒರಟಾಗಿ ಓಡಿದರೆ ಸಾಮಾನ್ಯವಾಗಿ ಪ್ಲಗ್‌ಗೆ ಮಸಿ ಹಿಡಿದಿರುತ್ತದೆ. ರಿಚ್‌ನಲ್ಲಿ ಉದ್ದಕ್ಕೂ ಟ್ಯಾಕ್ಸಿ ಮಾಡುವವರಿಗೆ ಇದು ಹೆಚ್ಚು. ಇಳಿತವೇ ಇಲ್ಲದಿದ್ದರೆ ಖುಷಿಪಡಬೇಡಿ. ಆ ಮ್ಯಾಗ್ನೆಟೊದ ಗ್ರೌಂಡ್ ತಂತಿ ಕಡಿದಿರಬಹುದು, ಆಗ ಸ್ವಿಚ್ ಆಫ್ ಇದ್ದರೂ ಪ್ರೊಪೆಲ್ಲರ್ ಕೈಯಿಂದ ತಿರುಗಿಸಿದರೆ ಎಂಜಿನ್ ಹತ್ತಿಕೊಳ್ಳಬಹುದು. ಯಾರನ್ನೂ ಹತ್ತಿರ ಬಿಡದೆ ಎಂಜಿನಿಯರ್‌ಗೆ ತಿಳಿಸಿ.

ಪ್ರಶ್ನೆ: ಆ್ಯವ್‌ಗ್ಯಾಸ್ (ವಿಮಾನದ ಪೆಟ್ರೋಲ್) ದುಬಾರಿ. ಬಂಕಿನ ಪೆಟ್ರೋಲ್ ಯಾಕೆ ಹಾಕಬಾರದು?
— ಓದುಗರು, ತುಮಕೂರು

172ಎಸ್‌ನ ಲೈಕಮಿಂಗ್ ಐಓ-360-ಎಲ್2ಎ ಎಂಜಿನ್‌ಗೆ ಒಪ್ಪಿಗೆ ಇರುವುದು 100 ಎಲ್‌ಎಲ್ ಅಥವಾ 100 ದರ್ಜೆಯ ಆ್ಯವ್‌ಗ್ಯಾಸ್‌ಗೆ. ಬಂಕಿನ ಪೆಟ್ರೋಲ್‌ನ ಆಕ್ಟೇನ್ ಕಡಿಮೆ, ಪೂರ್ತಿ ಪವರ್‌ನಲ್ಲಿ ಸಿಲಿಂಡರ್‌ನೊಳಗೆ ಸ್ಫೋಟದ ಬಡಿತ ಶುರುವಾಗುತ್ತದೆ. ಜೊತೆಗೆ ಈಗ ಅದರಲ್ಲಿ ನೂರಕ್ಕೆ 20ರವರೆಗೆ ಎಥೆನಾಲ್ ಇರುತ್ತದೆ. ಅದು ಹಳೆಯ ರಬ್ಬರ್ ಸೀಲುಗಳನ್ನು ಕೆಡಿಸುತ್ತದೆ, ನೀರನ್ನು ಹೀರಿ ತನ್ನೊಳಗೆ ಇಟ್ಟುಕೊಳ್ಳುತ್ತದೆ. ಆಗ ಡ್ರೈನ್ ಪರೀಕ್ಷೆಯಲ್ಲಿ (ತಳದ ಕವಾಟದಿಂದ ಬಟ್ಟಲಿಗೆ ಸ್ವಲ್ಪ ಇಂಧನ ತೆಗೆದು ನೋಡುವುದು) ನೀರು ಕಣ್ಣಿಗೇ ಬೀಳುವುದಿಲ್ಲ.

ಡ್ರೈನ್‌ಗಳು ಒಟ್ಟು 13: ಒಂದೊಂದು ರೆಕ್ಕೆಗೆ 5, ಎಂಜಿನ್ ಹೊದಿಕೆಯ ಕೆಳಗೆ 3. ಮಳೆಗಾಲದಲ್ಲಿ ಹದಿಮೂರನ್ನೂ ನೋಡಿ. 100 ಎಲ್‌ಎಲ್ ತಿಳಿ ನೀಲಿ, ನೀರು ಬಣ್ಣವಿಲ್ಲದೆ ತಳದಲ್ಲಿ ನಿಲ್ಲುತ್ತದೆ. ಬಟ್ಟಲು ಪೂರ್ತಿ ನೀರೇ ಆಗಿದ್ದರೆ ಗೆರೆ ಕಾಣದು, ಹಾಗಾಗಿ ಬಣ್ಣವನ್ನು ಬಿಳಿ ಹಿನ್ನೆಲೆಯಲ್ಲಿ ಹಿಡಿದು ನೋಡಿ, ಮೂಸಿಯೂ ನೋಡಿ.

ಪ್ರಶ್ನೆ: ನಮ್ಮ ಬೆಂಗಳೂರಿನದೇ ಹಂಸ ವಿಮಾನಕ್ಕೂ ಇವೇ ಮಿತಿಗಳೇ?
— ವಿದ್ಯಾರ್ಥಿ, ಧಾರವಾಡ

ಬೇರೆ. ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ ರೂಪಿಸಿದ, 1993ರಲ್ಲಿ ಮೊದಲು ಹಾರಿದ ಹಂಸ ಎರಡು ಸೀಟಿನದು. ಹಂಸ-3ರ ಗರಿಷ್ಠ ತೂಕ 750 ಕೆ.ಜಿ., ಮೈ ಕಾಂಪೋಸಿಟ್‌ನದು, ಅಂದರೆ ನಾರು ಮತ್ತು ರಾಳ ಸೇರಿಸಿ ಮಾಡಿದ್ದು. ಕಾಂಪೋಸಿಟ್ ರಚನೆ ಬಿಸಿಯಾದಷ್ಟೂ ಅದರ ರಾಳದ ಬಲ ಕುಗ್ಗುತ್ತದೆ. ಇಂಥ ವಿಮಾನಗಳಿಗೆ ಹೆಚ್ಚಾಗಿ ಬಿಳಿ ಬಣ್ಣವೇ ಇರುವುದು ಈ ಕಾರಣಕ್ಕೆ. ಚೆಂದಕ್ಕೆಂದು ರೆಕ್ಕೆಯ ಮೇಲೆ ಕಪ್ಪು ಸ್ಟಿಕರ್ ಅಂಟಿಸುವ ಯೋಚನೆ ಬೇಡ.

ಪ್ರಶ್ನೆ: ತಪ್ಪಿ ಮಿತಿ ದಾಟಿದರೆ ಏನು ಮಾಡಬೇಕು? 172 ಮಿತಿಯ ಒಂದೂವರೆ ಪಟ್ಟು ತಡೆಯುತ್ತದಂತೆ, ಹಾಗಿದ್ದರೆ ಹೇಳಲೇಬೇಕೇ?
— ಹೆಸರು ಬೇಡವೆಂದವರು

ಹೇಳಲೇಬೇಕು. 3.8 ಜಿಗೆ ಒಂದೂವರೆ ಪಟ್ಟು ಎಂದರೆ 5.7 ಜಿ, ಅಷ್ಟು ಹೊರೆಯನ್ನು ರಚನೆ ಮೂರು ಸೆಕೆಂಡ್ ಮುರಿಯದೆ ಹೊತ್ತರೆ ಸಾಕು ಎನ್ನುತ್ತದೆ ನಿಯಮ. ಬಾಗಿದ್ದು ಹಾಗೇ ಉಳಿದರೂ ಆ ಪರೀಕ್ಷೆಯಲ್ಲಿ ಪಾಸು. ಒಮ್ಮೆ ಬಾಗಿದ ವಿಮಾನಕ್ಕೆ ಮುಂದಿನ ಸಲ ಅದೇ ಒಂದೂವರೆ ಪಟ್ಟು ಉಳಿದಿರುವುದಿಲ್ಲ, ಮುಂದಿನ ಸಲ ಹತ್ತುವವರಿಗೆ ಅದು ಗೊತ್ತಿರುವುದೂ ಇಲ್ಲ.

ಗಾಳಿಯಲ್ಲಿದ್ದರೆ ವೇಗ ಇಳಿಸಿ, ಕಡಿದಾದ ತಿರುವು ಬಿಟ್ಟು, ಹತ್ತಿರದ ರನ್‌ವೇಗೆ ಬನ್ನಿ. ಫ್ಲಾಪ್ ಇಳಿಸಿ ಮಿತಿ ದಾಟಿದ್ದರೆ ಅದನ್ನು ಹೇಗಿದೆಯೋ ಹಾಗೇ ಬಿಡುವುದು ಒಳ್ಳೆಯದು. ಬಾಗಿದ ಹಳಿಯಲ್ಲಿ ಒಂದು ಬದಿ ಮಾತ್ರ ಮೇಲೆ ಹೋದರೆ ವಿಮಾನ ಹೊರಳುತ್ತದೆ. ಇಳಿದ ಮೇಲೆ ಎಂಜಿನಿಯರ್ ನೋಡುವ ಜಾಗಗಳು ಆದದ್ದರ ಮೇಲೆ ಹೋಗುತ್ತವೆ. ಫ್ಲಾಪ್ ಆದರೆ ಅದರ ಹಳಿ, ರೋಲರ್, ತಳ್ಳುಕೋಲು. ಹೆಚ್ಚು ಜಿ ಅಥವಾ ಹೆಚ್ಚು ವೇಗ ಆದರೆ ರೆಕ್ಕೆಯ ಮೇಲ್ಮೈ ಸುಕ್ಕು, ಸಡಿಲ ರಿವೆಟ್, ಸ್ಟ್ರಟ್ ಸೇರುವ ಬೋಲ್ಟ್, ಬಾಲದ ಬುಡ. ಮೂಗಿನ ಚಕ್ರದ ಮೇಲೆ ಬಡಿದಿದ್ದರೆ ಫೈರ್‌ವಾಲ್ (ಎಂಜಿನ್ ಹಿಂದಿನ ತಗಡಿನ ಗೋಡೆ) ಸುಕ್ಕುಗಟ್ಟುವುದು 172ರಲ್ಲಿ ಹೆಸರುವಾಸಿ ದೋಷ, ಪ್ರೊಪೆಲ್ಲರ್ ತುದಿಯೂ ನೆಲ ಮುಟ್ಟಿರಬಹುದು. 2700 ಆರ್‌ಪಿಎಂ ದಾಟಿದ್ದರೆ ಎಷ್ಟು ದಾಟಿತು, ಎಷ್ಟು ಸೆಕೆಂಡ್ ಎಂಬುದರ ಮೇಲೆ ಎಂಜಿನ್ ತಪಾಸಣೆಯ ಆಳ ನಿರ್ಧಾರವಾಗುತ್ತದೆ.

ಹಾಗಾಗಿ ಟೆಕ್ನಿಕಲ್ ಲಾಗ್‌ನಲ್ಲಿ ‘ಓವರ್‌ಸ್ಪೀಡ್ ಆಯಿತು’ ಎಂದಷ್ಟೇ ಬರೆಯಬೇಡಿ. ಮೀಟರಿನಲ್ಲಿ ಕಂಡ ಗರಿಷ್ಠ ಅಂಕಿ, ಎಷ್ಟು ಹೊತ್ತು, ಫ್ಲಾಪ್ ಎಷ್ಟು ಡಿಗ್ರಿ, ಆಗಿನ ಅಂದಾಜು ತೂಕ, ಗಾಳಿ ಶಾಂತವೋ ಅಲುಗಾಟವೋ, ಇಷ್ಟನ್ನೂ ಬರೆಯಿರಿ. ಎಂಜಿನಿಯರ್ ಸಹಿ ಹಾಕುವ ತನಕ ಕೀಲಿಯನ್ನು ಮುಂದಿನ ವಿದ್ಯಾರ್ಥಿಗೆ ಕೊಡಬೇಡಿ.